ನಾಳೆ ಎಂಬ ಪ್ರಮಾದ

ಸಂಸ್ಕೃತದಲ್ಲಿ ‘ದೀರ್ಘಸೂತ್ರ’ ಎಂಬುದೊಂದು ಮಾತಿದೆ. ಅಕ್ಷರಾರ್ಥದಲ್ಲಿ ಅದು ಉದ್ದವಾದ ನೂಲು; ರೂಢಿಯಲ್ಲಿ, ಮಾಡಬೇಕಾದ ಕಾರ್ಯವನ್ನು ಎಳೆಯುತ್ತಲೇ ಹೋಗುವ ಮನುಷ್ಯ. ಮಹಾಭಾರತದ ಶಾಂತಿಪರ್ವದಲ್ಲಿ ಮೂರು ಮೀನುಗಳ ಕಥೆ ಬರುತ್ತದೆ. ಬೆಸ್ತರು ಕೊಳದ ನೀರನ್ನು ಹೊರಹಾಯಿಸತೊಡಗಿದುದನ್ನು ಕಂಡೊಡನೆ ಮೊದಲನೆಯ ಮೀನು ಹೊರಟುಹೋಗುತ್ತದೆ. ಎರಡನೆಯದು ಕೊನೆಗಳಿಗೆಯ ಜಾಣ್ಮೆಯಿಂದ ಪಾರಾಗುತ್ತದೆ. ಈಗಲೇ ಏನು ಅವಸರ ಎಂದ ಮೂರನೆಯದು ಸಿಕ್ಕಿಬೀಳುತ್ತದೆ. ಅದರ ಹೆಸರು ದೀರ್ಘಸೂತ್ರ. ಕಥೆಯ ಮೀನು ತನ್ನ ಪ್ರಾಣವನ್ನಷ್ಟೇ ಕಳೆದುಕೊಂಡಿತು. ಮನುಷ್ಯಲೋಕದ ಲೆಕ್ಕ ಅಷ್ಟು ಸರಳವಲ್ಲ. ಇಲ್ಲಿ ಒಬ್ಬನ ವಿಳಂಬಕ್ಕೆ ಬೆಲೆ ತೆರುವವನು ಅನೇಕ ವೇಳೆ ಇನ್ನೊಬ್ಬನಾಗಿರುತ್ತಾನೆ. ಗೋಕಾಕದ ಕಾಲೇಜೊಂದರಲ್ಲಿ ಓದಿದ ಒಬ್ಬ ಹುಡುಗನ ವೃತ್ತಾಂತ ಈ ಮಾತಿಗೆ ನಿದರ್ಶನವಾಗಿದೆ.

ಗೋಕಾಕದಿಂದ ಬೇರ್ಪಟ್ಟು ಈಗ ಸ್ವತಂತ್ರ ತಾಲೂಕಾಗಿರುವ ಮೂಡಲಗಿಯ ಸೀಮೆಯಲ್ಲಿ ಅವನ ಹಳ್ಳಿ. ಮನೆಗೆ ಮೂರು ಎಕರೆ ಜಮೀನು, ಘಟಪ್ರಭಾ ಎಡದಂಡೆ ಕಾಲುವೆಯ ನೀರು, ಕಬ್ಬು, ಎರಡು ಎಮ್ಮೆ. ಆ ಮನೆಯಲ್ಲಿ ಹೊತ್ತಿನ ಬೆಲೆ ಅರಿಯದವರು ಯಾರೂ ಇರಲಿಲ್ಲ. ಅಜ್ಜ ಗೋಕಾಕ ಜಲಪಾತದ ದಂಡೆಯ ನೂಲಿನ ಗಿರಣಿಯಲ್ಲಿ ದುಡಿದವರು. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯ ಬಲದಿಂದ 1887ರಲ್ಲಿ ಓಡತೊಡಗಿದ ಆ ಗಿರಣಿಯ ಭೋಂಗಾ ಕೂಗಿತೆಂದರೆ, ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಯೇ ಬಿಟ್ಟು ಏಳುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ತಂದೆಗೆ ಭೋಂಗಾ ಇರಲಿಲ್ಲ, ಕಾಲುವೆಯ ಪಾಳಿ ಇತ್ತು. ಪಾಳಿ ನಡುರಾತ್ರಿ ಬಂದರೆ ನಡುರಾತ್ರಿಯೇ ಮಡೆ ತಿರುವಬೇಕು. ಮನಸ್ಸು ಬಂದಾಗ ಹೋಗುತ್ತೇನೆಂದರೆ ನೀರು ಮುಂದಿನವನ ಹೊಲಕ್ಕೆ ಹೋಗಿರುತ್ತದೆ. ಕಡಿದ ಕಬ್ಬೂ ಕಾಯುವುದಿಲ್ಲ. ಒಂದು ದಿನದೊಳಗೆ ಗಾಣ ಕಾಣದಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಕುಂದುತ್ತದೆ. ಇಂಥ ಮನೆಯಲ್ಲಿ ಹುಟ್ಟಿದ ಹುಡುಗನೇ ‘ನಾಳೆ’ ಎಂಬ ಮಾತನ್ನು ಕಲಿತದ್ದು ಆಶ್ಚರ್ಯದ ಸಂಗತಿ.

ಅವನನ್ನು ಸೋಮಾರಿ ಎನ್ನುವಂತಿರಲಿಲ್ಲ. ನಸುಕಿನಲ್ಲಿ ಎದ್ದು ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ, ಮೇವು ತಂದು, ಆಮೇಲೆ ಬಸ್ಸು ಹಿಡಿದು ಗೋಕಾಕಕ್ಕೆ ಹೋಗುತ್ತಿದ್ದ. ದೇಹಶ್ರಮದ ಯಾವ ಕೆಲಸವನ್ನೂ ಅವನು ಮುಂದೂಡಿದವನಲ್ಲ. ಮುಂದೂಡುತ್ತಿದ್ದುದು ಪುಸ್ತಕವನ್ನು ಮಾತ್ರ. ಪಿಯುಸಿಯಲ್ಲಿ ಪರೀಕ್ಷೆಯ ಹಿಂದಿನ ಮೂರು ರಾತ್ರಿ ನಿದ್ದೆಗೆಟ್ಟು ಓದಿ ಒಳ್ಳೆಯ ಅಂಕಗಳನ್ನೇ ಪಡೆದಿದ್ದ. ಈ ಯಶಸ್ಸೇ ಅವನ ಪಾಲಿಗೆ ಅಪಾಯಕಾರಿಯಾಯಿತು. ತಾನು ಕಥೆಯ ಎರಡನೆಯ ಮೀನು, ಕೊನೆಗಳಿಗೆಯಲ್ಲಿ ಜಿಗಿಯಬಲ್ಲೆ ಎಂಬ ನಂಬಿಕೆ ಅವನಲ್ಲಿ ಬೇರೂರಿತು. ‘ಒತ್ತಡವಿಲ್ಲದೆ ನನಗೆ ಓದು ಹತ್ತುವುದಿಲ್ಲ’ ಎಂದು ಗೆಳೆಯರ ಮುಂದೆ ಹೆಮ್ಮೆಯಿಂದಲೇ ಹೇಳುತ್ತಿದ್ದ.

ಬಿ.ಎಸ್‌ಸಿ.ಗೆ ಸೇರಿದ ಮೇಲೆ ಸಂಗತಿ ಬೇರೆಯಾಯಿತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನಿಗೆ ಈಗ ಎಲ್ಲವೂ ಇಂಗ್ಲಿಷಿನಲ್ಲಿ. ಪಿಯುಸಿಯಲ್ಲಿ ಬಾಯಿಪಾಠದಿಂದ ದಾಟಿದ ಹೊಳೆ ಇಲ್ಲಿ ಆಳವಾಗಿತ್ತು. ಕೊನೆಯ ವರ್ಷ ಅಧ್ಯಾಪಕರು ಅವನಿಗೆ ಒಂದು ಪ್ರಬಂಧದ ವಿಷಯ ಕೊಟ್ಟರು: ಕಾಲುವೆಯ ಅಚ್ಚುಕಟ್ಟಿನಲ್ಲಿ ಸವಳಾಗುತ್ತಿರುವ ಕಪ್ಪುಮಣ್ಣು. ವಿಷಯ ಅವನ ಮನೆಯಂಗಳದ್ದು. ಅತಿಯಾಗಿ ಹರಿಸಿದ ನೀರು ನೆಲದೊಳಗೆ ನಿಂತು, ಬೇಸಿಗೆಯಲ್ಲಿ ಮೇಲೇರಿ ಆವಿಯಾಗಿ, ಉಪ್ಪನ್ನು ಮೇಲ್ಮಣ್ಣಿನಲ್ಲಿ ಉಳಿಸಿಹೋಗುವ ಪರಿಯನ್ನು ಅವನು ಚಿಕ್ಕಂದಿನಿಂದ ಕಂಡಿದ್ದ. ಮೊದಲು ಎರಡು ಪುಟದ ರೂಪುರೇಷೆ ಬರೆದು ತರಬೇಕು, ಬೇಸಿಗೆಯಲ್ಲಿ ಮಳೆ ಬೀಳುವ ಮುನ್ನ ಇಪ್ಪತ್ತು ಹೊಲಗಳ ಮಣ್ಣಿನ ಮಾದರಿ ಸಂಗ್ರಹಿಸಬೇಕು ಎಂದು ಅಧ್ಯಾಪಕರು ಹೇಳಿದ್ದರು. ಮಳೆ ಬಿದ್ದರೆ ಮೇಲಿನ ಉಪ್ಪು ತೊಳೆದುಹೋಗಿ ಲೆಕ್ಕ ತಪ್ಪುತ್ತದೆ.

ಎರಡು ಪುಟ ಒಂದು ದಿನದ ಕೆಲಸ. ಆದರೆ ಇಂಗ್ಲಿಷಿನಲ್ಲಿ ಮೊದಲ ವಾಕ್ಯ ಬರೆಯಲು ಕುಳಿತಾಗಲೆಲ್ಲ ಅವನಿಗೆ ಒಂದು ಬಗೆಯ ಅಳುಕು. ಬರೆದರೆ ತನ್ನ ಅಜ್ಞಾನ ಹೊರಬೀಳುತ್ತದೆ. ಬರೆಯದಿರುವ ತನಕ ತಾನು ಜಾಣನೇ. ಮುಂದೂಡುವಿಕೆಯ ಮೂಲದಲ್ಲಿ ಬಹುಪಾಲು ಇರುವುದು ಇಂಥ ಭಯವೇ ಹೊರತು ಮೈಗಳ್ಳತನವಲ್ಲ ಎಂಬುದನ್ನು ಹಿರಿಯರು ಅನೇಕ ವೇಳೆ ಗಮನಿಸುವುದಿಲ್ಲ. ‘ಸೋಮಾರಿ’ ಎಂದು ಬೈದರೆ ಭಯ ಹೋಗುವುದಿಲ್ಲ, ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ಭಯವು ತನ್ನ ನಿಜರೂಪದಲ್ಲಿ ಎದುರಿಗೆ ಬರುವುದೂ ಇಲ್ಲ. ಸತ್ಕಾರ್ಯದ ವೇಷ ತೊಟ್ಟು ಬರುತ್ತದೆ. ಹುಡುಗ ಬರೆಯುವ ಬದಲು ವೇಳಾಪಟ್ಟಿ ತಯಾರಿಸಿದ. ನಾಲ್ಕು ಬಣ್ಣದ ಪೆನ್ನುಗಳಿಂದ ಗೆರೆ ಎಳೆದ ಆ ಹಾಳೆ ಗೋಡೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಮೇಜು ಒರೆಸಿದ, ಹಳೆಯ ಟಿಪ್ಪಣಿಗಳಿಗೆ ರಟ್ಟು ಹಾಕಿದ, ಗೆಳೆಯನಿಗೆ ಗಣಿತ ಹೇಳಿಕೊಟ್ಟ. ಉಳಿದ ಹೊತ್ತನ್ನು ಮೊಬೈಲು ನುಂಗಿತು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಹದಿನೈದು ಪ್ರಮಾದಗಳ ಗಣನೆಯಿದೆ: ಸ್ತ್ರೀ, ಭೋಜನ, ರಾಷ್ಟ್ರ, ರಾಜ ಇವುಗಳನ್ನು ಕುರಿತ ನಾಲ್ಕು ವಿಕಥೆಗಳು, ಕ್ರೋಧ, ಮಾನ, ಮಾಯೆ, ಲೋಭವೆಂಬ ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ, ಸ್ನೇಹ. ಹತ್ತನೆಯ ಶತಮಾನದ ಆಚಾರ್ಯರು ಎಣಿಸಿದ ಈ ಹದಿನೈದರಲ್ಲಿ ನಿದ್ರೆಯೊಂದನ್ನು ಬಿಟ್ಟು ಉಳಿದವೆಲ್ಲ ಇಂದು ಅಂಗೈಯಗಲದ ಒಂದು ಯಂತ್ರದಲ್ಲಿ ಸಿಗುತ್ತವೆ. ಆ ಯಂತ್ರ ನಿದ್ರೆಯನ್ನೂ ಕದಿಯುತ್ತದೆ.

ಅದೇ ವರ್ಷ ಅವನ ತಂಗಿ ಪದವಿಯ ಮೊದಲ ವರ್ಷಕ್ಕೆ ಸೇರಿದ್ದಳು. ಅವಳ ವಿದ್ಯಾರ್ಥಿವೇತನದ ಅರ್ಜಿಯನ್ನು ಗಣಕಯಂತ್ರದಲ್ಲಿ ತುಂಬಬೇಕಾಗಿತ್ತು. ಮನೆಯಲ್ಲಿ ಆ ಕೆಲಸ ಬಲ್ಲವನು ಅಣ್ಣನೊಬ್ಬನೇ. ಅಂಕಪಟ್ಟಿ, ಆದಾಯದ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್ಕುಗಳ ಪ್ರತಿಗಳನ್ನು ಅವಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿ ಅವನ ಕೈಗೆ ಕೊಟ್ಟಳು. ಕೊನೆಯ ದಿನಾಂಕಕ್ಕೆ ಇನ್ನೂ ಒಂದು ತಿಂಗಳಿತ್ತು. ‘ನಾಳೆ ತುಂಬತೀನಿ’ ಎಂದ. ವಾರ ಕಳೆದ ಮೇಲೆ ‘ಅಣ್ಣಾ, ಅರ್ಜಿ ತುಂಬಿದಿ ಏನ?’ ಎಂದು ಕೇಳಿದಳು. ಒಳ ಪರೀಕ್ಷೆ ಮುಗಿಯಲಿ ಎಂದ. ಮತ್ತೊಂದು ವಾರಕ್ಕೆ ಕೇಳಿದಾಗ ಕರೆಂಟು ಇಲ್ಲವೆಂದ. ಅದು ನಿಜವೂ ಆಗಿತ್ತು. ಮೂರನೆಯ ಸಲ ಕೇಳಿದಾಗ ಅವನು ರೇಗಿದ: ‘ಎಷ್ಟ ಸಲ ಕೇಳ್ತಿ? ನಾ ಮರತಿಲ್ಲ.’ ಅವನು ನಿಜವಾಗಿಯೂ ಮರೆತಿರಲಿಲ್ಲ. ಮರೆತವನಿಗೆ ಕೋಪ ಬರುವುದಿಲ್ಲ. ನೆನಪಿದ್ದೂ ಮಾಡದವನಿಗೆ ಬರುತ್ತದೆ. ಅಂದಿನಿಂದ ಅವಳು ಕೇಳಲಿಲ್ಲ.

ಕೊನೆಯ ದಿನ ಭಾನುವಾರವಾಗಿತ್ತು. ಸಂಜೆ ಗೋಕಾಕದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಅವನು ಕುಳಿತಾಗ ಅಲ್ಲಿ ಅವನಂಥವರೇ ಹತ್ತಾರು ಜನ ಸಾಲಿನಲ್ಲಿದ್ದರು. ಅವನ ಸರದಿ ಬಂತು, ಪುಟಗಳು ನಿಧಾನವಾಗಿ ತೆರೆದುಕೊಂಡವು. ಎಲ್ಲವನ್ನೂ ತುಂಬಿದ ಮೇಲೆ ತಂಗಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲವೆಂಬ ಸಂಗತಿ ತಿಳಿದುಬಂತು. ಅದೊಂದು ದೊಡ್ಡ ತೊಡಕೇನಲ್ಲ. ಬ್ಯಾಂಕಿಗೆ ಹೋಗಿ ಒಂದು ಕಾಗದ ಕೊಟ್ಟು ಬಂದರೆ ಎರಡು ಮೂರು ದಿನಗಳಲ್ಲಿ ಸರಿಹೋಗುವಂಥದು. ಒಂದು ತಿಂಗಳ ಹಿಂದೆ ಅರ್ಜಿಯ ಪುಟವನ್ನು ಒಮ್ಮೆ ತೆರೆದು ನೋಡಿದ್ದರೂ ಸಾಕಾಗಿತ್ತು. ಆದರೆ ಅಂದು ಭಾನುವಾರ. ಬ್ಯಾಂಕಿನ ಬಾಗಿಲು ಮುಚ್ಚಿತ್ತು. ಕೊನೆಗಳಿಗೆಯಲ್ಲಿ ಜಿಗಿಯುವ ಮೀನಿಗೆ, ತನ್ನ ಶಕ್ತಿಯ ಅಂದಾಜಿರಬಹುದು. ದಾರಿಗೆ ಅಡ್ಡವಾಗಿರುವ ಕಲ್ಲಿನ ಅಂದಾಜು ಇರುವುದಿಲ್ಲ.

ಆ ವರ್ಷದ ವಿದ್ಯಾರ್ಥಿವೇತನ ತಪ್ಪಿತು. ಶುಲ್ಕದ ಎರಡನೆಯ ಕಂತಿಗೆ ಕಬ್ಬಿನ ಬಿಲ್ಲು ಇನ್ನೂ ಬಂದಿರಲಿಲ್ಲ. ತಾಯಿ ತನ್ನ ಬೆಂಡೋಲೆಗಳನ್ನು ಸೊಸಾಯಿಟಿಯಲ್ಲಿ ಒತ್ತೆಯಿಟ್ಟಳು. ಕಿವಿಯ ರಂಧ್ರ ಮುಚ್ಚದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು. ಮನೆಯಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಪ್ರತಿದಿನ ಸಂಜೆ ರೊಟ್ಟಿ ಬಡಿಸಲು ತಾಯಿ ಬಾಗಿದಾಗ ಆ ಕಡ್ಡಿಗಳು ಅವನ ಕಣ್ಣಿಗೆ ಬೀಳುತ್ತಿದ್ದವು. ಒಂದು ದಿನ ತಂಗಿಯ ಮುಂದೆ ತಪ್ಪೊಪ್ಪಿಕೊಂಡಾಗ ಅವಳು ಹೇಳಿದ್ದಿಷ್ಟೇ: ‘ರೊಕ್ಕ ಹೋದದ್ದಕ್ಕ ನನಗ ದುಃಖ ಇಲ್ಲ ಅಣ್ಣಾ. ಮೂರು ಸಲ ಕೇಳಿದ್ನೆಲ್ಲ, ನಾಲ್ಕನೇ ಸಲ ಕೇಳಾಕ ನಾಚಿಕಿ ಆತು.’

ಈ ಮಾತಿನಲ್ಲಿ ಒಂದು ದೊಡ್ಡ ವಿಚಾರ ಅಡಗಿದೆ. ಮುಂದೂಡುವವನು ತಾನು ತನ್ನ ಹೊತ್ತನ್ನು ಮಾತ್ರ ಹಾಳುಮಾಡಿಕೊಳ್ಳುತ್ತಿದ್ದೇನೆಂದು ತಿಳಿದಿರುತ್ತಾನೆ. ಆದರೆ ಅವನ ಪ್ರತಿಯೊಂದು ‘ನಾಳೆ’ಯ ಮತ್ತೊಂದು ತುದಿಯಲ್ಲಿ ಯಾರೋ ಕಾಯುತ್ತಿರುತ್ತಾರೆ. ಕಾಯುವವರು ಮೊದಲು ಕೇಳುತ್ತಾರೆ, ಆಮೇಲೆ ನೆನಪಿಸುತ್ತಾರೆ, ಆಮೇಲೆ ಬೇಡುವವರಂತೆ ಆಗುತ್ತಾರೆ. ತನ್ನ ಹಕ್ಕಿನದನ್ನು ಇನ್ನೊಬ್ಬರು ದಾನದಂತೆ ಬೇಡುವ ಸ್ಥಿತಿಗೆ ಅವರನ್ನು ತಂದುಬಿಡುವುದು ನೋವುಂಟುಮಾಡುವುದೇ ಅಲ್ಲವೆ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯನ್ನು ವಿವರಿಸುವಾಗ ಪ್ರಮಾದದಿಂದ ಕೂಡಿದ ಪ್ರವೃತ್ತಿಯನ್ನು ಅದರ ಮೂಲವಾಗಿ ಹೇಳಿದ್ದಾರೆ; ಬಂಧದ ಐದು ಕಾರಣಗಳಲ್ಲಿ ಪ್ರಮಾದವನ್ನು ಬೇರೆಯಾಗಿಯೇ ಎಣಿಸಿದ್ದಾರೆ. ದ್ವೇಷದಿಂದ ಮಾಡಿದ ಗಾಯವೂ ಅಜಾಗ್ರತೆಯಿಂದ ಮಾಡಿದ ಗಾಯವೂ ನೋಯುವವನಿಗೆ ಗಾಯವೇ. ಆ ಹುಡುಗನಿಗೆ ತಂಗಿಯ ಮೇಲೆ ಪ್ರೀತಿಯಿತ್ತು. ಆದರೆ ಪ್ರೀತಿ ಅರ್ಜಿ ತುಂಬಲಿಲ್ಲ.

ಪಶ್ಚಾತ್ತಾಪದ ಬಿಸಿಯಲ್ಲಿ ಅವನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದ. ಬಹು ದೊಡ್ಡ ಶಪಥ ಕೈಗೊಂಡ. ನಾಳೆಯಿಂದ ಮುಂಜಾನೆ ಮೂರೂವರೆಗೆ ಏಳುವುದು, ದಿನಕ್ಕೆ ಎಂಟು ಗಂಟೆ ಓದುವುದು, ಮೊಬೈಲನ್ನು ಜೀವಮಾನದಲ್ಲಿ ಮುಟ್ಟದಿರುವುದು. ನಾಲ್ಕು ದಿನ ನಡೆಯಿತು. ಐದನೆಯ ದಿನ ಏಳಲಾಗಲಿಲ್ಲ. ಆರನೆಯ ದಿನ, ಹೇಗೂ ಭಂಗವಾಯಿತಲ್ಲ ಎಂದು ಮೊಬೈಲು ಹಿಡಿದು ಕುಳಿತವನು ರಾತ್ರಿ ಎರಡರವರೆಗೆ ಅದನ್ನು ಕೆಳಗಿಡಲಿಲ್ಲ. ಮೊದಲು ಭಯವೊಂದೇ ಇತ್ತು. ಈಗ ಅದಕ್ಕೆ ತನ್ನ ಮೇಲಿನ ತಿರಸ್ಕಾರವೂ ಸೇರಿತು.

ಅಜ್ಜಿ ಇದನ್ನೆಲ್ಲ ನೋಡುತ್ತಿದ್ದಳು. ಆಕೆಗೆ ಓದುಬರಹ ಅಷ್ಟಕ್ಕಷ್ಟೇ. ಆದರೆ ದಿನಾಲೂ ಬಸದಿಗೆ ಹೋಗಿಬಂದು ಸಾಮಾಯಿಕಕ್ಕೆ ಕೂಡುವ, ಒಂದಿಲ್ಲೊಂದು ನೇಮವನ್ನು ಪಾಲಿಸುತ್ತ ಬಂದ ಜೀವ. ಒಂದು ಸಂಜೆ ಮೊಮ್ಮಗನನ್ನು ಹತ್ತಿರ ಕರೆದು ಅಂದಳು: ‘ಜೀವ ಇರೋತನಕ ಅಂತ ನೇಮ ಹಿಡೀಬ್ಯಾಡೋ ತಮ್ಮಾ. ಇವತ್ತಿಂದಷ್ಟ ಹಿಡಿ. ನಾಳಿಂದು ನಾಳೆ ನೋಡೂಣು.’

ಅಜ್ಜಿ ಹೇಳಿದ್ದು ಶಾಸ್ತ್ರಸಮ್ಮತವಾದ ಮಾತೇ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗಕ್ಕೆ ಎರಡು ಬಗೆ ಹೇಳಿದೆ: ಜೀವನಪರ್ಯಂತ ಕೈಗೊಳ್ಳುವುದು ಯಮ, ಕಾಲದ ಮಿತಿಯಿಟ್ಟು ಕೈಗೊಳ್ಳುವುದು ನಿಯಮ. ಇನ್ನೂ ನಿಲ್ಲಲು ಕಲಿಯುತ್ತಿರುವವನಿಗೆ ಯಮ ಭಾರವಾಗುತ್ತದೆ. ನಿಯಮ ಅವನ ಅಳತೆಗೆ ತಕ್ಕದ್ದು. ಗೃಹಸ್ಥನ ಶಿಕ್ಷಾವ್ರತಗಳಲ್ಲಿ ದೇಶಾವಕಾಶಿಕವೆಂಬುದೂ ಒಂದು. ಇಷ್ಟು ಹೊತ್ತಿನವರೆಗೆ ಈ ಮನೆಯಿಂದ, ಈ ಓಣಿಯಿಂದ ಆಚೆ ಹೋಗುವುದಿಲ್ಲವೆಂದು ಸ್ಥಳ ಮತ್ತು ಕಾಲಗಳೆರಡಕ್ಕೂ ಗೆರೆ ಎಳೆದುಕೊಳ್ಳುವ ವ್ರತ ಅದು. ಮನಸ್ಸನ್ನು ಗೆಲ್ಲು ಎಂಬ ದೊಡ್ಡ ಮಾತಿಗಿಂತ, ಈ ಕಂಬಳಿಯಿಂದ ಏಳಬೇಡ ಎಂಬ ಚಿಕ್ಕ ಮಾತು ಪಾಲಿಸಲು ಸುಲಭವೆಂಬುದನ್ನು ಹಿಂದಿನವರು ಅರಿತಿದ್ದರು.

ಮರುದಿನ ಹುಡುಗ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ತೆಗೆದುಹಾಕಿದ. ಅದರ ಬದಲಿಗೆ ಒಂದೇ ನಿಯಮ: ಮುಂಜಾನೆ ಡೇರಿಗೆ ಹಾಲು ಹಾಕಿ ಬಂದು ಖಾಲಿ ಕ್ಯಾನು ಬೋರಲು ಹಾಕಿದ ಕೂಡಲೆ, ಅಜ್ಜಿಯ ಸಾಮಾಯಿಕದ ಹೊತ್ತಿಗೇ, ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಪುಸ್ತಕ ಹಿಡಿದು ಕೂಡುವುದು. ಅವಧಿ ಒಂದು ಮುಹೂರ್ತ. ಅಂದರೆ ಎರಡು ಘಳಿಗೆ, 48 ನಿಮಿಷ. ಅಷ್ಟು ಹೊತ್ತು ಮೊಬೈಲು ದನದ ಕೊಟ್ಟಿಗೆಯ ಗೂಡಿನಲ್ಲಿ. ಓದು ತಲೆಗೆ ಹತ್ತಲಿ ಬಿಡಲಿ, ಏಳಬಾರದು. ಮುಹೂರ್ತ ಮುಗಿದ ಮೇಲೆ ಇನ್ನೂ ಓದಬೇಕೆನ್ನಿಸಿದರೆ ಓದಬಹುದು, ಆದರೆ ಅದು ನಿಯಮದಲ್ಲಿ ಸೇರಿದ್ದಲ್ಲ.

ಈ ಸರಳ ಏರ್ಪಾಡಿನಲ್ಲಿರುವ ಬಲವನ್ನು ಈಚಿನ ಮನಶ್ಶಾಸ್ತ್ರಜ್ಞರೂ ಬೇರೆ ದಾರಿಯಿಂದ ಕಂಡುಕೊಂಡಿದ್ದಾರೆ. ಜರ್ಮನಿಯ ಪೀಟರ್ ಗೋಲ್ವಿಟ್ಜರ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕ್ರಿಸ್ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸುವಂತೆ ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಕುಳಿತು ಬರೆಯುತ್ತೇವೆಂದು ಮೊದಲೇ ನಿಶ್ಚಯಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಬರೆದರು; ಬರೆಯಬೇಕೆಂಬ ಇಚ್ಛೆಯನ್ನಷ್ಟೇ ಹೊತ್ತವರಲ್ಲಿ ಸುಮಾರು ಮೂರನೆಯ ಒಂದು ಪಾಲು. ಖಾಲಿ ಕ್ಯಾನು ಬೋರಲಾದ ಸಪ್ಪಳವೇ ಆ ಹುಡುಗನಿಗೆ ಅಜ್ಜನ ಭೋಂಗಾ ಆಯಿತು. ಇಂದು ಓದಲೋ ಬೇಡವೋ ಎಂದು ಪ್ರತಿದಿನ ತನ್ನೊಡನೆ ತಾನೇ ವಾದಿಸುವ ಶ್ರಮ ತಪ್ಪಿತು.

ಕೆನಡಾದ ಮೂವರು ಸಂಶೋಧಕರು 1994ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವೂ ಇಲ್ಲಿ ಸ್ಮರಣೀಯ. ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನಗಳಲ್ಲಿ ಮುಗಿಸುತ್ತೇವೆಂದು ಅಂದಾಜು ಹೇಳಿದರು. ಎಲ್ಲವೂ ಕೆಟ್ಟು ನಿಂತರೆ 49 ದಿನ ಎಂದರು. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ಮನುಷ್ಯ ಮುಂದಿನ ಹೊತ್ತಿನ ಲೆಕ್ಕ ಹಾಕುವಾಗ ಬ್ಯಾಂಕಿನ ಮುಚ್ಚಿದ ಬಾಗಿಲನ್ನು ಎಣಿಸುವುದೇ ಇಲ್ಲ. ಎರಡು ಪುಟದ ರೂಪುರೇಷೆಯನ್ನು ಒಂದು ದಿನದ ಕೆಲಸವೆಂದು ತಿಳಿದಿದ್ದ ಹುಡುಗನಿಗೆ ಅದನ್ನು ಬರೆಯಲು ಹನ್ನೊಂದು ಮುಹೂರ್ತ ಹಿಡಿದವು. ಮೊದಲ ನಾಲ್ಕು ದಿನ ಒಂದು ಸಾಲೂ ಮೂಡಲಿಲ್ಲ. ಐದನೆಯ ದಿನ ಅವನು ಇಂಗ್ಲಿಷನ್ನು ಬದಿಗಿಟ್ಟು, ಸವಳು ಹೇಗೆ ಏರುತ್ತದೆಂದು ತಂದೆಗೆ ಹೇಳುವಂತೆ ಕನ್ನಡದಲ್ಲಿ ಬರೆದ. ಪುಟ ತುಂಬಿತು. ಆಮೇಲೆ ಪದಕೋಶವನ್ನು ಪಕ್ಕದಲ್ಲಿಟ್ಟುಕೊಂಡು ವಾಕ್ಯಕ್ಕೆ ವಾಕ್ಯ ಇಂಗ್ಲಿಷಿಗೆ ತಂದ. ಅಧ್ಯಾಪಕರು ಕೆಂಪು ಶಾಯಿಯಲ್ಲಿ ಹದಿನೇಳು ತಪ್ಪು ತಿದ್ದಿದರು. ಆದರೆ ವಿಷಯ ಸರಿಯಾಗಿದೆ ಎಂದರು. ಅವನು ಅಷ್ಟು ದಿನ ಹೆದರಿದ್ದು ಈ ಹದಿನೇಳು ಕೆಂಪು ಗೆರೆಗಳಿಗೆ.

ಎಲ್ಲ ದಿನವೂ ನಿಯಮ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಜಾತ್ರೆ ಬಂತು, ಜ್ವರ ಬಂತು, ಏನೂ ಇಲ್ಲದೆಯೂ ತಪ್ಪಿದ ದಿನಗಳು ಬಂದವು. ಆಗ ಅವನನ್ನು ಎತ್ತಿ ನಿಲ್ಲಿಸಿದ್ದು ಅಜ್ಜಿಯ ಇನ್ನೊಂದು ರೂಢಿ. ಆಕೆ ಸಂಜೆ ದೀಪ ಹಚ್ಚಿದ ಮೇಲೆ ಅಂದಿನ ತಪ್ಪುಗಳನ್ನು ನೆನೆದು ಕ್ಷಮೆ ಬೇಡಿ, ಮುಂದೆ ಮಾಡೆನೆಂದುಕೊಂಡು ಎದ್ದುಬಿಡುತ್ತಿದ್ದಳು. ಅದನ್ನೇ ಹಿಡಿದು ಕೊರಗುತ್ತಿರಲಿಲ್ಲ. ಷಡಾವಶ್ಯಕಗಳಲ್ಲಿ ಪ್ರತಿಕ್ರಮಣವೂ ಪ್ರತ್ಯಾಖ್ಯಾನವೂ ಒಂದರ ಪಕ್ಕದಲ್ಲೊಂದು ನಿಂತಿರುವುದು ಅರ್ಥವಿಲ್ಲದೆ ಅಲ್ಲ. ಆದ ತಪ್ಪನ್ನು ಒಪ್ಪಿ ಅದಕ್ಕೆ ಬೆನ್ನು ತಿರುಗಿಸಿದವನಿಗೇ ಮುಂದಿನ ಸಂಕಲ್ಪಕ್ಕೆ ಕೈ ಬಿಡುವಾಗುತ್ತದೆ. ಕೆನಡಾದಲ್ಲಿಯೇ 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮೊದಲನೆಯ ಪರೀಕ್ಷೆಗೆ ಓದದೆ ಮುಂದೂಡಿದ ತಮ್ಮ ತಪ್ಪನ್ನು ತಾವೇ ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೆಯ ಪರೀಕ್ಷೆಯ ವೇಳೆಗೆ ಕಡಿಮೆ ಮುಂದೂಡಿದರೆಂದು ಕಂಡುಬಂದಿತು. ತನ್ನನ್ನು ತಾನು ಹಳಿದುಕೊಳ್ಳುವುದು ಶಿಸ್ತಿನಂತೆ ತೋರುತ್ತದೆ. ನಿಜದಲ್ಲಿ ಅದೂ ಕೆಲಸದಿಂದ ತಪ್ಪಿಸಿಕೊಳ್ಳುವ ಒಂದು ಉಪಾಯ. ಗುಣಸ್ಥಾನಗಳ ವಿವೇಚನೆಯಲ್ಲಿ, ಮಹಾವ್ರತಧಾರಿಯಾದ ಮುನಿಯೂ ಆರನೆಯ ಪ್ರಮತ್ತವಿರತ ಮತ್ತು ಏಳನೆಯ ಅಪ್ರಮತ್ತವಿರತಗಳ ನಡುವೆ ಮತ್ತೆ ಮತ್ತೆ ಏರಿಳಿಯುತ್ತಿರುತ್ತಾನೆಂದು ಹೇಳಿದೆ. ಮುನಿಗಳಿಗೇ ಹೀಗಿರುವಾಗ ಇಪ್ಪತ್ತು ವರ್ಷದ ವಿದ್ಯಾರ್ಥಿ ಒಂದು ಮುಂಜಾನೆ ಜಾರಿದುದನ್ನೇ ಸರ್ವನಾಶವೆಂದು ತಿಳಿಯಬೇಕಾಗಿಲ್ಲ.

ಇನ್ನೊಂದು ವಿವೇಕವೂ ಅಗತ್ಯ. ತಡವಾಗುವುದೆಲ್ಲ ಪ್ರಮಾದವಲ್ಲ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತದ ಪ್ರಾಧ್ಯಾಪಕರಾಗಿದ್ದುಕೊಂಡೇ ಪ್ರಾಚೀನ ಗ್ರಂಥಗಳನ್ನು ಸಂಪಾದಿಸಿದರು. ಪ್ರವಚನಸಾರ 1935ರಲ್ಲಿ ಹೊರಬಂತು. ಕುವಲಯಮಾಲೆಯ ಮೊದಲನೆಯ ಭಾಗ 1959ರಲ್ಲಿ, ಎರಡನೆಯದು 1970ರಲ್ಲಿ ಪ್ರಕಟವಾದವು. ನಡುವೆ ಹನ್ನೊಂದು ವರ್ಷ. ಅದನ್ನು ಯಾರೂ ವಿಳಂಬವೆಂದು ಕರೆಯುವುದಿಲ್ಲ. ಹಸ್ತಪ್ರತಿಗಳ ಪಾಠವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡುವ ಕೆಲಸಕ್ಕೆ ಅದರದೇ ಆದ ನಡಿಗೆಯಿದೆ. ನಿಧಾನಿಯ ಕೈಯಲ್ಲಿ ಕೆಲಸ ದಿನದಿನಕ್ಕೆ ಬೆಳೆಯುತ್ತಿರುತ್ತದೆ. ದೀರ್ಘಸೂತ್ರಿಯ ಕೈಯಲ್ಲಿ ಅದರ ನೆನಪು ಮಾತ್ರ ಭಾರವಾಗುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಇಬ್ಬರೂ ಮುಗಿಸಿಲ್ಲ. ಆದರೆ ಇಬ್ಬರೂ ಒಂದೇ ಅಲ್ಲ.

ಬೇಸಿಗೆ ಬಂತು. ಏಪ್ರಿಲಿನಲ್ಲಿ ಹುಡುಗ ಕುರುಪಿ ಮತ್ತು ಬಟ್ಟೆಯ ಚೀಲಗಳನ್ನು ಹಿಡಿದು ದಿನಕ್ಕೊಂದು ಹೊಲದಂತೆ ತಿರುಗಿದ. ಇಪ್ಪತ್ತನೆಯ ಮಾದರಿಯನ್ನು ಚೀಲಕ್ಕೆ ಕಟ್ಟಿ ಒಂದು ವಾರವಾದ ಮೇಲೆ ಮೊದಲ ಮಳೆ ಬಿತ್ತು. ವಿದ್ಯುತ್‌ವಾಹಕತೆ ಪ್ರತಿ ಮೀಟರಿಗೆ 4 ಡೆಸಿಸೀಮನ್ ಮೀರಿದ ಮಣ್ಣನ್ನು ಲವಣಭೂಮಿ ಎನ್ನುತ್ತಾರೆ. ಅವನ ಇಪ್ಪತ್ತರಲ್ಲಿ ಆರು ಆ ಗೆರೆಯನ್ನು ದಾಟಿದ್ದವು. ಒಂದು ಅವನ ತಂದೆಯದೇ ಹೊಲದ ಕೆಳಗಿನ ತುಂಡು. ಮಗನ ಮಾತು ಕೇಳಿ ತಂದೆ ಆ ತುಂಡಿಗೆ ನೀರು ಕಡಿಮೆ ಮಾಡಿ, ಬಸಿಗಾಲುವೆ ತೋಡಿಸುವ ಯೋಚನೆ ಮಾಡಿದರು. ಪ್ರಬಂಧ ಗಡುವಿಗೆ ಎರಡು ದಿನ ಮುಂಚೆ ಅಧ್ಯಾಪಕರ ಮೇಜು ಸೇರಿತು. ಅಂಕಗಳು ಅಸಾಧಾರಣವಾಗಿ ಬರಲಿಲ್ಲ. ಸಾಧಾರಣವಾಗಿ, ಒಳ್ಳೆಯವೇ ಬಂದವು. ಕಬ್ಬಿನ ಬಿಲ್ಲು ಬಂದ ಮೇಲೆ ಬೆಂಡೋಲೆಗಳು ತಾಯಿಯ ಕಿವಿಗೆ ಮರಳಿದವು.

ಮರುವರ್ಷ ವಿದ್ಯಾರ್ಥಿವೇತನದ ಅರ್ಜಿ ತೆರೆದ ದಿನವೇ ಅವನು ಗೋಕಾಕಕ್ಕೆ ಹೋಗಿ ತುಂಬಿಬಂದ. ಬ್ಯಾಂಕಿನ ಕಾಗದವನ್ನು ಮೊದಲೇ ಕೊಟ್ಟಾಗಿತ್ತು. ಸಂಜೆ ಸ್ವೀಕೃತಿ ಪತ್ರವನ್ನು ತಂಗಿಯ ಪುಸ್ತಕದಲ್ಲಿ ಇಟ್ಟು, ಅವಳಿಗೆ ಏನೂ ಹೇಳದೆ ಎಮ್ಮೆಗೆ ನೀರು ಕುಡಿಸಲು ಹೋದ. ಸ್ವಲ್ಪ ಹೊತ್ತಿನ ಮೇಲೆ ಅವಳು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು.

‘ಅಣ್ಣಾ, ಈ ಸಲ ನಾ ಒಮ್ಮೆನೂ ಕೇಳಲೇ ಇಲ್ಲ’ ಎಂದಳು.

ಒಬ್ಬ ವಿದ್ಯಾರ್ಥಿ ಪ್ರಮಾದವನ್ನು ಗೆದ್ದನೆಂಬುದಕ್ಕೆ ಅಂಕಪಟ್ಟಿಯೊಂದೇ ಪ್ರಮಾಣವಲ್ಲ. ಅವನನ್ನು ನೆಚ್ಚಿದವರು ಮತ್ತೆ ಮತ್ತೆ ಕೇಳಬೇಕಾಗಿಲ್ಲ ಎಂಬುದೂ ಒಂದು ಪ್ರಮಾಣ. ಇಂದಿಗೆ ಒಂದು ಮುಹೂರ್ತ, ಇಂದಿಗೆ ಒಂದು ನಿಯಮ. ಅಷ್ಟನ್ನು ಇಂದು ನಡೆಸಿದವನಿಗೆ, ಅಜ್ಜಿ ಹೇಳಿದಂತೆ, ನಾಳಿನದನ್ನು ನಾಳೆ ನೋಡುವ ಹಕ್ಕಿರುತ್ತದೆ.